ಹತ್ತು ಸೆಕೆಂಡ್

ಬೈಪಾಸ್ ಆಪರೇಷನ್ ಆದವರ ಹೃದಯದ ಗೋಡೆಗೆ ಅಕ್ಕಿಕಾಳಿನಷ್ಟು ಸಣ್ಣ ಸೆನ್ಸರ್ ಹೊಲಿದಿರುತ್ತಾರೆ. ಗೋಡೆ ಎಷ್ಟು ಅಲ್ಲಾಡುತ್ತಿದೆ ಎಂದು ಅದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆ ಓದುವುದೇ ನನ್ನ ಕೆಲಸ. ಆದರೆ ಸೆನ್ಸರ್ ಶುದ್ಧ ಪೆದ್ದು. ಅಲ್ಲಾಡಿದ್ದಷ್ಟೇ ಅದಕ್ಕೆ ಗೊತ್ತು, ಅಲ್ಲಾಡಿಸಿದ್ದು ಯಾರೆಂದು ಗೊತ್ತಿಲ್ಲ. ಉಸಿರಾಟದ ಯಂತ್ರ ಎದೆಯನ್ನು ಎತ್ತಿ ಇಳಿಸಿದರೂ ಗೆರೆ ಕುಣಿಯುತ್ತದೆ. ಅದಕ್ಕೇ ಯಂತ್ರವನ್ನು ಹತ್ತು ಸೆಕೆಂಡ್ ನಿಲ್ಲಿಸಿ ಓದಬೇಕು. ಹೊಸಬರು ಹಿಂಜರಿದರೆ ನಾನೇ ರೇಗುತ್ತಿದ್ದೆ: "ಹತ್ತು ಸೆಕೆಂಡಿಗೆ ಯಾರೂ ಸಾಯಲ್ಲ ಕಣ್ರೀ!"

ಆ ಬೆಳಿಗ್ಗೆ ಹಾಸಿಗೆಯಲ್ಲಿ ಇದ್ದದ್ದು ನನ್ನ ಅಪ್ಪ. ಬೇರೆಯವರು ನೋಡಲಿ ಎಂದರೂ ಕೇಳದೆ ನಾನೇ ಹಠ ಹಿಡಿದು ನಿಂತಿದ್ದೆ. ಯಂತ್ರ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಪ್ಪನ ಉಸಿರನ್ನು ಕೈಯಾರೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಗೆರೆ ಹೇಗೂ ಚೆನ್ನಾಗಿ ಕುಣಿಯುತ್ತಿತ್ತು. ‘ಗೋಡೆ ಸರಿಯಾಗಿದೆ’ ಎಂದು ಬರೆದುಬಿಟ್ಟೆ. ಗಾಜಿನಾಚೆ ನಿಂತಿದ್ದ ಅಮ್ಮನಿಗೆ ಹೆಬ್ಬೆರಳೆತ್ತಿ ತೋರಿಸಿದೆ.

ಮಧ್ಯಾಹ್ನ ಅಪ್ಪನ ರಕ್ತದೊತ್ತಡ ಪಾತಾಳಕ್ಕಿಳಿಯಿತು. ಡಾಕ್ಟರು ಓಡಿಬಂದು ಉಸಿರಿನ ಯಂತ್ರ ನಿಲ್ಲಿಸಿ ಪರದೆ ನೋಡಿದರು. ಯಂತ್ರದ ಜೊತೆಗೇ ಗೆರೆಯೂ ಮಲಗಿತು. ಹೊಸದಾಗಿ ಜೋಡಿಸಿದ್ದ ರಕ್ತನಾಳ ಕಟ್ಟಿಕೊಂಡು ಗೋಡೆ ಯಾವಾಗಲೋ ಸೋತಿತ್ತು.

"ಬೆಳಿಗ್ಗೆ ನಿಲ್ಲಿಸಿ ನೋಡಿದ್ಯೇನಮ್ಮಾ?" ಎಂದರು.

ನಾನು ಮಲಗಿದ ಗೆರೆಯನ್ನೇ ನೋಡುತ್ತಾ ನಿಂತೆ.

"ಆಗ್ಲೇ ಗೊತ್ತಾಗಿದ್ರೆ ಉಳಿಸ್ಕೋಬಹುದಿತ್ತು."

ಸಂಜೆ ಅಮ್ಮ ನನ್ನ ತಲೆ ನೇವರಿಸುತ್ತಾ, ಅಪ್ಪನ ಕೊನೆಯ ದರ್ಶನಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದಳು: "ಕೊನೇವರೆಗೂ ಮಗಳೇ ನೋಡ್ಕೊಂಡ್ಲು. ಬೇರೆ ಯಾರ ಕೈಗೂ ಬಿಡ್ಲೇ ಇಲ್ಲ."