ದೂರು ಎಲ್ಲಿಗೆ ಹೋಗುತ್ತದೆ

ಆಸ್ಪತ್ರೆಗಳ ಹಾಸು ಹೊದಿಕೆಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವ ಆ ದೊಡ್ಡ ಲಾಂಡ್ರಿಗೆ ಕಂಪ್ಯೂಟರ್ ಬಂತು. ಕೆಲಸಗಾರರು ಇನ್ನು ದೂರುಗಳನ್ನು ಅದರಲ್ಲೇ ಬರೆಯಬೇಕು. ಹೇಗೆಂದು ಬಿಡಿಸಿ ಹೇಳುವ ಕೈಪಿಡಿ ಬರೆಯುವ ಕೆಲಸ ಆಫೀಸಿನ ಟೈಪಿಸ್ಟ್ ಹುಡುಗಿಯ ಹೆಗಲಿಗೆ ಬಿತ್ತು.

ಅವಳ ಅಕ್ಕ ಇಸ್ತ್ರಿ ಕೋಣೆಯಲ್ಲಿದ್ದಳು. ಫ್ಯಾನು ಕೆಟ್ಟಿದೆಯೆಂದು ಕಂಪ್ಯೂಟರಿನಲ್ಲಿ ಮೊದಲ ದೂರು ಬರೆದವಳೂ ಅವಳೇ. ಮಾರನೆಯ ದಿನವೇ ಮೇಸ್ತ್ರಿ ಅವಳನ್ನು ಎಳೆದು ಸುಡುವ ಬಾಯ್ಲರ್ ಪಕ್ಕ ನಿಲ್ಲಿಸಿದ. ತಂಗಿ ಕಂಪ್ಯೂಟರನ್ನು ಕೆದಕಿ ನೋಡಿದರೆ, ದೂರು ಹೋಗಿ ಬೀಳುವುದೇ ಮೇಸ್ತ್ರಿಯ ಮಡಿಲಿಗೆ! ಕೈಪಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು:

"‘ಕಳುಹಿಸು’ ಒತ್ತಿರಿ. ನಿಮ್ಮ ದೂರು ನೇರವಾಗಿ ಮೇಸ್ತ್ರಿಗೆ ತಲುಪುತ್ತದೆ. ನಂತರ ಬಾಯ್ಲರ್ ಪಕ್ಕಕ್ಕೆ ಹೋಗಿ ನಿಲ್ಲಿರಿ."

ಮ್ಯಾನೇಜರ್ ಕೆಂಡವಾದರು. "ಏನಮ್ಮಾ ಈ ತಲೆಹರಟೆ? ಕೊನೇ ಎರಡು ಸಾಲು ಹೊಡೆದುಹಾಕು!"

"ಆಯ್ತು ಸಾರ್. ಆದ್ರೆ ಕೈಪಿಡಿ ಅಂದ್ಮೇಲೆ ಏನೂ ಗೊತ್ತಿಲ್ಲದೋರ ಕೈಲಿ ಒಂದ್ಸಲ ಮಾಡಿಸಿ ನೋಡ್ಬೇಕು. ಈ ಕಂಪ್ಯೂಟರ್ ಮುಟ್ಟದೇ ಇರೋರು ಅಂದ್ರೆ ಇಲ್ಲಿ ನೀವೊಬ್ರೇ."

ಹೊಗಳಿದಳೋ ತೆಗಳಿದಳೋ ತಿಳಿಯದೆ ಮ್ಯಾನೇಜರ್ ಅವಳ ಹಿಂದೆ ಹೊರಟರು. ಕಂಪ್ಯೂಟರ್ ಇದ್ದದ್ದು ಇಸ್ತ್ರಿ ಕೋಣೆಯಲ್ಲೇ. ಕೂತದ್ದೇ ತಡ, ಅಂಗಿ ಬೆನ್ನಿಗೆ ಅಂಟಿತು.

"ಅಬ್ಬಬ್ಬಾ, ಏನು ಸೆಕೆ!"

"ಅದರಲ್ಲೇ ಬರೀರಿ ಸಾರ್, ತಂಪಾಗುತ್ತೆ," ಎಂದಳು ಬಾಯ್ಲರ್ ಪಕ್ಕದಿಂದ ಅಕ್ಕ. ಇಸ್ತ್ರಿ ಪೆಟ್ಟಿಗೆಗಳೆಲ್ಲ ಒಂದು ಕ್ಷಣ ನಿಂತವು. ನಗು ಹಬೆಯಲ್ಲಿ ಮುಳುಗಿತು.

ಕೈಪಿಡಿ ಹೇಳಿದಂತೆ ಮ್ಯಾನೇಜರ್ ‘ಹೊಸ ಕೆಲಸಗಾರ’ ಎಂಬ ಹೆಸರಲ್ಲಿ ಕಂಪ್ಯೂಟರಿನೊಳಗೆ ಹೊಕ್ಕರು. ‘ಫ್ಯಾನು ಕೆಟ್ಟಿದೆ. ಮೇಸ್ತ್ರಿಗೆ ಕಣ್ಣಿಲ್ಲವೇ?’ ಎಂದು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿದರು. ‘ಕಳುಹಿಸು’ ಒತ್ತಿದರು.

ಬಾಗಿಲು ದಢಾರನೆ ತೆರೆಯಿತು. ದೂರು ಓದಿ ನುಗ್ಗಿದ ಮೇಸ್ತ್ರಿಗೆ ಹಬೆಯಲ್ಲಿ ಕಂಡದ್ದು ಒಂದು ಒದ್ದೆ ಬೆನ್ನು ಮಾತ್ರ.

"ಯಾವನೋ ಹೊಸಬ? ಬಂದ ದಿನಾನೇ ಗಾಳಿ ಬೇಕಾ ನಿಂಗೆ? ಏಳೋ ಮೇಲೆ, ಬಾಯ್ಲರ್ ಪಕ್ಕ ನಿಲ್ಲೋ!"

ಬೆನ್ನು ಎದ್ದಿತು, ತಿರುಗಿತು. ಮೇಸ್ತ್ರಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಟೈಪಿಸ್ಟ್ ಕೈಪಿಡಿಯ ಮೇಲೆ ಬೆರಳಿಟ್ಟಳು. "ಕೊನೇ ಸಾಲೂ ಸರಿಯಾಗಿದೆ ಸಾರ್. ಹೊಡೆದುಹಾಕ್ಲಾ?"

ಮ್ಯಾನೇಜರ್ ಮುಖ ಒರೆಸಿಕೊಂಡರು. "ದೂರು ಇನ್ಮೇಲೆ ನನ್ನ ಹತ್ರಾನೇ ಬರುತ್ತೆ ಅಂತ ಬರಿ."

"ಮೊದಲು ಬರೋ ಹಾಗೆ ಮಾಡ್ಸಿ ಸಾರ್, ಆಮೇಲೆ ಬರೀತೀನಿ. ಅಲ್ಲೀವರೆಗೂ ಈ ಸಾಲು ಇಲ್ಲೇ ಇರುತ್ತೆ."

ಅಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ತನ್ನ ಹಳೆಯ ಮೇಜಿಗೆ ನಡೆದಳು. ಮೇಸ್ತ್ರಿ ಸತ್ತ ಫ್ಯಾನನ್ನು ನೋಡಿದ, ಏಣಿಗಾಗಿ ಸುತ್ತಮುತ್ತ ಕಣ್ಣಾಡಿಸಿದ.

"ಅಲ್ಲೇ ಇದೆ ಮೇಸ್ತ್ರೀ," ಎಂದಳು ಅಕ್ಕ, ತಲೆ ಎತ್ತದೆ. "ಬಾಯ್ಲರ್ ಪಕ್ಕ."