ತಿಪಟೂರಿಗೆ ಮಾತ್ರ

ಖುದ್ದೂಸ್ ಸಾಹೇಬರು ಐವತ್ತು ವರ್ಷಕ್ಕೂ ಮೇಲೆ ಕರಾಚಿಯಲ್ಲಿದ್ದು, ಅಲ್ಲಿನ ಸರ್ಕಾರಿ ಗೋದಾಮೊಂದರಲ್ಲಿ ಗುಮಾಸ್ತಿಕೆ ಮಾಡಿ, ನಿವೃತ್ತರಾಗಿ, ಹೆಂಡತಿಯನ್ನು ಮಣ್ಣು ಮಾಡಿ, ಕೊನೆಗೆ ಹುಟ್ಟಿದ ಸೀಮೆಯನ್ನು ನೋಡಲು ವಿದೇಶಿಯಾಗಿ ಬಂದರು. ಅದು ಎರಡು ಸಾವಿರದ ನಾಲ್ಕನೇ ಇಸವಿ, ಎರಡೂ ದೇಶಗಳು ತಕ್ಕಮಟ್ಟಿಗೆ ಮುಖ ಕೊಟ್ಟು ಮಾತಾಡುತ್ತಿದ್ದ ಕಾಲ. ವೀಸಾದಲ್ಲಿ ಒಂದು ತಿಂಗಳು ಎಂದಿತ್ತು. ಊರಿನ ಹೆಸರಿನ ಜಾಗದಲ್ಲಿ ತಿಪಟೂರು ಎಂದಿತ್ತು. ಯಾರಿಗೂ ಅನುಮಾನ ಬೇಡವೆಂದು ಅದರ ಮುಂದೆ 'ಮಾತ್ರ' ಎಂದೂ ಇತ್ತು.

ಕಷ್ಟವೆಂದರೆ ಅವರು ತಿಪಟೂರಿನವರಲ್ಲ, ದಬ್ಬೇಘಟ್ಟದವರು.

ಈ ಸೀಮೆಯ ಜನ ಹೊರಗೆ ಹೊರಟರೆ ತಮ್ಮ ಹಳ್ಳಿಯ ಹೆಸರನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಹೋಗುತ್ತಾರೆ. ಬೆಂಗಳೂರಿನಲ್ಲಿ ಯಾವೂರು ಎಂದರೂ ತಿಪಟೂರು, ಬೊಂಬಾಯಿಯಲ್ಲಿ ಕೇಳಿದರೂ ತಿಪಟೂರು. ಅರಳಗುಪ್ಪೆಯವನೂ ತಿಪಟೂರಿನವನೇ, ಅತ್ತ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆಯವನೂ ತಿಪಟೂರಿನವನೇ. ಕೊಬ್ಬರಿಯ ದೆಸೆಯಿಂದ ಆ ಒಂದು ಹೆಸರು ನಾಲ್ಕು ಜನಕ್ಕೆ ಗೊತ್ತಿರುತ್ತದೆ. ಮಿಕ್ಕದ್ದನ್ನು ಬಿಡಿಸಿ ಹೇಳುತ್ತ ಕೂರಲು ಯಾರಿಗೆ ಪುರುಸೊತ್ತು? ಖುದ್ದೂಸ್ ಸಾಹೇಬರೂ ಕರಾಚಿಯಲ್ಲಿ ಇಷ್ಟು ಕಾಲ ಹಾಗೆಯೇ ಹೇಳಿಕೊಂಡು ಬಂದಿದ್ದರು. ವೀಸಾ ಅರ್ಜಿ ತುಂಬುವಾಗ ಕೈ ತಾನೇ ತಾನಾಗಿ ಅದನ್ನೇ ಬರೆಯಿತು. ತಂಗಿ ಅಜೀಮುನ್ನೀಸಾಳನ್ನು ಕೊಟ್ಟದ್ದು ತಿಪಟೂರಿಗೇ ಆದ್ದರಿಂದ ವಿಳಾಸವೂ ಸರಿಹೋಯಿತು. ಸರ್ಕಾರ ಬರೆದದ್ದನ್ನು ನಂಬಿತು. ಅದರದ್ದೇನೂ ತಪ್ಪಿಲ್ಲ.

ಆದರೆ ಅವರು ಬಂದದ್ದು ಅಣ್ಣ ಉಮರ್ ಫಾರೂಖ್ ಸಾಹೇಬರನ್ನು ನೋಡಲು. ಅಣ್ಣ ಇದ್ದದ್ದು ತುರುವೇಕೆರೆ ತಾಲ್ಲೂಕಿನ ಅದೇ ದಬ್ಬೇಘಟ್ಟದಲ್ಲಿ, ಅದೇ ಮನೆಯಲ್ಲಿ, ಅಪ್ಪ ನೆಟ್ಟ ಅದೇ ತೆಂಗಿನ ತೋಟದಲ್ಲಿ. ಹದಿನೇಳರ ಹುಡುಗ ಖುದ್ದೂಸ್ ಚಿಕ್ಕಪ್ಪನ ಜೊತೆ ಬೊಂಬಾಯಿ ನೋಡಿಕೊಂಡು ಬರುತ್ತೇನೆ ಎಂದು ಹೋದವನು ಅಲ್ಲಿಂದ ಹಡಗು ಹತ್ತಿಬಿಟ್ಟಿದ್ದ. ಈಗ ಅಣ್ಣನಿಗೆ ಎಂಬತ್ತರ ಹತ್ತಿರ, ತಮ್ಮನಿಗೆ ಎಪ್ಪತ್ತು ದಾಟಿತ್ತು. ಇನ್ನೊಂದು ವೀಸಾ ಸಿಗುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರು ಇರುವುದಿಲ್ಲ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಬಂದ ಮಾರನೆಯ ದಿನವೇ ತಂಗಿಯ ಮಗ ವಸೀಮ್ ಅವರನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದ. ವಿದೇಶಿಯರು ಬಂದದ್ದನ್ನು ಬರೆಸಬೇಕು. ಹೆಡ್ ಕಾನ್‌ಸ್ಟೇಬಲ್ ಬೀರೇಶ್ ಕುರ್ಚಿ ಕೊಟ್ಟು, ಪಾಸ್‌ಪೋರ್ಟನ್ನು ಎರಡೂ ಕಡೆಯಿಂದ ತಿರುವಿ ನೋಡಿದರು.

"ಊರೊಳಗೆ ಎಲ್ಲಿ ಬೇಕಾದ್ರೂ ಓಡಾಡಿ ಸಾಬ್ರೇ. ಊರ ಹೆಸರಿನ ಬೋರ್ಡ್ ಐತಲ್ಲ, ಅದನ್ನ ಮಾತ್ರ ದಾಟಬ್ಯಾಡಿ."

"ದಬ್ಬೇಘಟ್ಟಕ್ಕೆ ಹೋಗ್ಬೇಕಿತ್ತು."

"ಅದು ತುರುವೇಕೆರೆ ತಾಲ್ಲೂಕು."

"ಇಲ್ಲೇ ಅಲ್ವಾ? ಬಸ್ಸಲ್ಲಿ ಕೂತ್ರೆ ಬಂದೇಬಿಡ್ತದೆ."

"ನಂಗೊತ್ತಿಲ್ವಾ ಸಾಬ್ರೇ, ನಮ್ಮ ಅತ್ತೆ ಮನೇನೂ ಅದೇ ದಿಕ್ಕು. ಪೇಪರಲ್ಲಿ ಬರ್ದಿಲ್ವಲ್ಲ. ಇನ್ನೊಂದೂರು ಸೇರ್ಸಿ ಅಂತ ಅರ್ಜಿ ಕೊಡ್ರಿ, ಕಳಿಸ್ತೀನಿ. ಅದು ತುಮಕೂರಿಗೆ ಹೋಗಿ, ಬೆಂಗ್ಳೂರಿಗೆ ಹೋಗಿ, ಡೆಲ್ಲಿಗೆ ಹೋಗಿ ಬರಾ ಹೊತ್ಗೆ ನೀವು ಕರಾಚೀಲಿರ್ತೀರಿ. ಉತ್ತರ ಅಲ್ಲಿಗೇ ಕಳಿಸ್ಲಾ?"

ಬೀರೇಶ್ ಇದನ್ನು ನಿಜವಾಗಿಯೂ ಕೇಳಿದ್ದರು. ಖುದ್ದೂಸ್ ಸಾಹೇಬರೂ ಕಚೇರಿಯಲ್ಲಿ ತಲೆ ನರೆಸಿಕೊಂಡವರು. ಪ್ರಶ್ನೆಯಲ್ಲಿ ಕುಹಕವಿಲ್ಲವೆಂದು ಅವರಿಗೆ ತಿಳಿಯಿತು. ಅಲ್ಲೇ ಕೂತು ಅರ್ಜಿ ಬರೆದುಕೊಟ್ಟರು.

ಅಂದಿನಿಂದ ತುರುವೇಕೆರೆ ರಸ್ತೆಯಲ್ಲಿ ಊರ ಬೋರ್ಡಿನವರೆಗೆ ನಡೆದು, ಅದನ್ನೊಮ್ಮೆ ನೋಡಿ, ಹಿಂದಿರುಗುವುದು ಅವರ ದಿನಚರಿಯಾಯಿತು. ಅಲ್ಲಿ ಚಿಕ್ಕಗೌರಮ್ಮನ ಟೀ ಅಂಗಡಿಯಿತ್ತು. ದುರದೃಷ್ಟಕ್ಕೆ ಅಂಗಡಿ ಬೋರ್ಡಿನಿಂದ ಆಚೆಗಿತ್ತು. ಮೊದಲ ದಿನ ಚಿಕ್ಕಗೌರಮ್ಮ ಕರೆದರೆ ಇವರು ಈಚೆಯೇ ನಿಂತು, ತಾವು ಬರುವಂತಿಲ್ಲ ಎಂದು ಕಾರಣ ಸಮೇತ ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನನ್ನ ಟೀ ಕುಡಿಯಾಕೆ ಡೆಲ್ಲಿಯೋರು ಒಪ್ಬೇಕಾ?"

"ಹಂಗೇ ಅಂತಿಟ್ಕೋ ಅಕ್ಕ."

"ಡೆಲ್ಲಿಯೋರ್ಗೆ ಬ್ಯಾರೆ ಕೆಲ್ಸ ಇಲ್ವಾ?" ಎಂದು ಬೈಯುತ್ತ ಆಕೆ ಲೋಟ ತಂದು ಕೊಟ್ಟಳು. ನಾಲ್ಕು ದಿನ ಹೀಗೆ ತಂದುಕೊಟ್ಟು ಸಾಕಾಗಿ, ಬೆಂಚನ್ನೇ ಎಳೆದು ಬೋರ್ಡಿನಿಂದ ಈಚೆಗೆ ಹಾಕಿದಳು. ಮಿಕ್ಕ ಗಿರಾಕಿಗಳು ಗೊಣಗಿಕೊಂಡು ತಿಪಟೂರಿಗೆ ಬಂದು ಕೂತರು. ಖುದ್ದೂಸ್ ಸಾಹೇಬರ ಕನ್ನಡ ಹದಿನೇಳನೆಯ ವಯಸ್ಸಿಗೇ ನಿಂತುಹೋಗಿತ್ತು. ಬಿಳಿ ಗಡ್ಡದವರ ಬಾಯಲ್ಲಿ ಬುಗುರಿ ಆಡುವ ಹುಡುಗರ ಮಾತು ಬರುವುದನ್ನು ಕೇಳಲೆಂದೇ ಕೆಲವರು ಎರಡನೆಯ ಟೀ ಹೇಳುತ್ತಿದ್ದರು.

ದಬ್ಬೇಘಟ್ಟಕ್ಕೆ, ದೊಡ್ಡ ಮಾವನ ಹತ್ತಿರ, ವಸೀಮ್ ಬೈಕಿನಲ್ಲಿ ಹೋಗಿಬಂದ. ಅವನದು ಬಸ್‌ಸ್ಟ್ಯಾಂಡಿನ ಹಿಂದೆ ಮೆಕ್ಯಾನಿಕ್ ಅಂಗಡಿ, ಮಾತು ಕಡಿಮೆ.

"ಬಡೇ ಮಾಮು ಏನಂದ್ರು?" ಖುದ್ದೂಸ್ ಸಾಹೇಬರು ಬಾಗಿಲಲ್ಲೇ ಕೇಳಿದರು.

"ಹೋದವನು ಬರ್ಬೇಕು, ನಾನ್ಯಾಕೆ ಹೋಗ್ಲಿ ಅಂದ್ರು."

"ವೀಸಾ ವಿಷ್ಯ ಹೇಳ್ದ್ಯಾ?"

"ಹೇಳ್ದೆ. ತಿಪಟೂರು ಅಂತ ಬರ್ದವರು ಯಾರು ಅಂತ ಕೇಳಿದ್ರು."

"ಏನಂದೆ?"

"ನೀವೇ ಅಂದೆ." ವಸೀಮ್ ತಲೆ ಕೆರೆದುಕೊಂಡ. "ಆಮೇಲೆ ಉರ್ದು ಬಿಟ್ಟು ಕನ್ನಡಕ್ಕೆ ಇಳಿದ್ರು ಮಾಮು."

ಉಮರ್ ಫಾರೂಖ್ ಸಾಹೇಬರಿಗೆ ಸಿಟ್ಟು ನೆತ್ತಿಗೇರಿದಾಗ ಮನೆಯ ಮಾತು ಹೋಗಿ ತೋಟದ ಮಾತು ಬರುತ್ತಿತ್ತು. ಅದು ತಮ್ಮನಿಗೆ ಇನ್ನೂ ನೆನಪಿತ್ತು.

"ಕನ್ನಡದಲ್ಲಿ ಏನಂದ್ರು?"

"'ಹುಟ್ಟಿದೂರ ಹೆಸರು ಬರಿಯಾಕೆ ಅವನ ಕೈಗೇನು ರೋಗ ಬಂದಿತ್ತಾ? ಅವನ್ಗೆ ತಿಪಟೂರು ಬೇಕಿತ್ತು, ಸಿಕ್ಕೈತೆ. ಇಕ್ಕಂಡು ಇರ್ಲಿ ಬುಡು' ಅಂದ್ರು."

ಖುದ್ದೂಸ್ ಸಾಹೇಬರು ಆ ದಿನ ಊಟ ಬಿಟ್ಟರು. ಅಣ್ಣನ ಮಾತಿನಲ್ಲಿ ಸುಳ್ಳೇನಿತ್ತು? ಇಷ್ಟು ವರ್ಷ ಸಾವಿರ ಜನಕ್ಕೆ ತಮ್ಮ ಊರು ಹೇಳಿದ್ದರು, ಒಬ್ಬನಿಗೂ ದಬ್ಬೇಘಟ್ಟ ಎಂದು ಹೇಳಿರಲಿಲ್ಲ. ಸ್ವಂತ ಮಕ್ಕಳಿಗೂ ಅವರ ಊರು ತಿಪಟೂರೇ. ನಾಚಿಕೆಯಾಯಿತು. ಅಜೀಮುನ್ನೀಸಾ ತಟ್ಟೆ ಹಿಡಿದು ಎರಡು ಸಲ ಬಂದು ಹೋದಳು.

ಬೆಳಗಾಗುತ್ತಲೂ ಆಕೆಯೇ ಬಸ್ಸು ಹತ್ತಿ ದಬ್ಬೇಘಟ್ಟಕ್ಕೆ ಹೋಗಿ, ದೊಡ್ಡಣ್ಣನ ಮುಂದೆ ಅತ್ತು, ಬೈದು, ಕಾಫಿ ಕುಡಿದು ಸಾಯಂಕಾಲ ಬಂದಳು.

"ಬರ್ತಾರಂತೆ," ಎಂದಳು.

"ಯಾವಾಗ?"

"ನಾನು ತಿಪಟೂರಿಗೆ ಹೋಗೋದು ಮಂಡಿಗೆ ಕೊಬ್ಬರಿ ಹಾಕೋಕೆ ಮಾತ್ರ, ಬೇರೆ ಕೆಲ್ಸಕ್ಕೆ ಹೋದವನಲ್ಲ, ಕೊಬ್ಬರಿ ಆದಾಗ ಬರ್ತೀನಿ ಅಂದ್ರು."

ಈ ಸೀಮೆಯಲ್ಲಿ ಕೊಬ್ಬರಿ ಆಗುವುದೆಂದರೆ ಅವಸರದ ಕೆಲಸವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಸುಮಾರು ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗಲೇ ಸುಲಿದು ಒಡೆದರೆ ಇಡೀ ಉಂಡೆ ಕೈಗೆ ಬರುತ್ತದೆ. ಉಮರ್ ಫಾರೂಖ್ ಸಾಹೇಬರು ಅಟ್ಟದ ಕೆಳಗೆ ನಿಂತು, ಮೇಲೆ ಇಲಿ ಓಡಿದ ಸದ್ದಿನಲ್ಲೇ ಕಾಯಿ ಆಗಿದೆಯೋ ಇಲ್ಲವೋ ಹೇಳುತ್ತಾರೆಂದು ಪ್ರತೀತಿ. ಅವರ ಕಾಯಿ ಅಟ್ಟ ಸೇರಿದ್ದು ಹಿಂದಿನ ದೀಪಾವಳಿ ಆದಮೇಲೆ. ಈಗಿನ್ನೂ ಶ್ರಾವಣ. ವೀಸಾ ಶ್ರಾವಣಕ್ಕೇ ಮುಗಿಯುತ್ತಿತ್ತು. ಅಟ್ಟದ ಮೇಲಿನ ಕಾಯಿಗೆ ಬೇಗ ಒಣಗು ಎಂದು ಆಜ್ಞೆ ಮಾಡುವ ಅಧಿಕಾರ ಎರಡೂ ದೇಶಗಳ ಯಾವ ಕಚೇರಿಗೂ ಇರಲಿಲ್ಲ.

ಹೊರಡುವ ವಾರ ಬಂತು. ಒಂದು ಬೆಳಿಗ್ಗೆ ಅವರು ಬೆಂಚಿನ ಮೇಲೆ ಕೂತಿದ್ದಾಗ ತುರುವೇಕೆರೆ ಬಸ್ಸು ಯಾರನ್ನೋ ಇಳಿಸಲು ಅಲ್ಲೇ ನಿಂತಿತು. ಕಂಡಕ್ಟರ್ ಇವರ ಮುಖ ನೋಡಿ, "ಬತ್ತೀರಾ ಯಜಮಾನ್ರೇ, ಸೀಟೈತೆ," ಎಂದ.

ಚಿಕ್ಕಗೌರಮ್ಮ ಒಲೆಯ ಕಡೆ ತಿರುಗಿಕೊಂಡಳು. "ಹೋಗ್ಬನ್ನಿ ಸಾಬ್ರೇ. ನಾನಂತೂ ನೋಡಿಲ್ಲ ಕಣಪ್ಪ." ಬೆಂಚಿನ ಮೇಲಿದ್ದವರೂ ಒಬ್ಬೊಬ್ಬರಾಗಿ ಏನನ್ನೂ ನೋಡದವರಾದರು.

ಖುದ್ದೂಸ್ ಸಾಹೇಬರು ಎದ್ದರು. ಬೋರ್ಡು ದಾಟಿದರು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. ಆಗ ವೀಸಾಕ್ಕೆ ತಂಗಿ ಹಾಕಿದ ಜಾಮೀನಿನ ರುಜು ನೆನಪಾಯಿತು. ನಾಳೆ ಯಾರಾದರೂ ಕೇಳಿದರೆ ತಾವು ಕರಾಚಿಯಲ್ಲಿರುತ್ತಾರೆ. ಠಾಣೆಯ ಬೆಂಚಿನ ಮೇಲೆ ಕೂರಬೇಕಾದವಳು ಅಜೀಮುನ್ನೀಸಾ, ಅಂಗಡಿಗೆ ಬೀಗ ಹಾಕಿಕೊಂಡು ಅಲೆಯಬೇಕಾದವನು ವಸೀಮ್. ಹಿಂದೊಮ್ಮೆ ಹೀಗೇ ಯಾರಿಗೂ ಹೇಳದೆ ಹಡಗು ಹತ್ತಿದ್ದು ಸಾಕಾಗಿತ್ತು. ಕಾಲು ತೆಗೆದರು.

"ಇಲ್ಲ ಕಣಪ್ಪ, ನೀನು ಹೋಗು."

ಬಸ್ಸು ಹೋಯಿತು. ಅವರು ಬಂದು ಬೆಂಚಿನ ಮೇಲೆ ಕೂತು ಎಲ್ಲರೆದುರಿಗೆ ಅತ್ತರು. ಚಿಕ್ಕಗೌರಮ್ಮ ಡೆಲ್ಲಿಯವರನ್ನೂ ದಬ್ಬೇಘಟ್ಟದವರನ್ನೂ ಒಂದೇ ಉಸಿರಿನಲ್ಲಿ ಬೈದು ಇನ್ನೊಂದು ಟೀ ಕೊಟ್ಟಳು.

ಶನಿವಾರ ಬೆಳಿಗ್ಗೆ ಅಜೀಮುನ್ನೀಸಾ ಪೆಟ್ಟಿಗೆ ತುಂಬುತ್ತಿದ್ದಳು. ಮಾರನೆಯ ದಿನ ಠಾಣೆಗೆ ಹೋಗಿ ಹೊರಡುವುದನ್ನು ಬರೆಸಬೇಕು. ಶನಿವಾರವೆಂದರೆ ಕೊಬ್ಬರಿ ಹರಾಜು. ಸುತ್ತಲಿನ ಮೂರು ತಾಲ್ಲೂಕುಗಳ ಗಾಡಿಗಳು ಮಾರುಕಟ್ಟೆಗೆ ನುಗ್ಗುವ ದಿನ. ವಸೀಮ್ ಗ್ರೀಸಿನ ಕೈಯಲ್ಲೇ ಓಡಿ ಬಂದ.

"ಮಾಮು, ಬಡೇ ಮಾಮು ಶಿವಲಿಂಗಯ್ಯನವರ ಮಂಡೀಲಿ ಕೂತವ್ರೆ."

"ಯಾಕೆ?"

"ಕೊಬ್ಬರಿ ತಂದವ್ರೆ."

ಖುದ್ದೂಸ್ ಸಾಹೇಬರು ಚಪ್ಪಲಿ ಮೆಟ್ಟಿದರೋ ಇಲ್ಲವೋ, ಹೊರಟೇಬಿಟ್ಟರು.

ಮಂಡಿಯ ಮುಂದೆ ಜನ ಗುಂಪು ಕಟ್ಟಿದ್ದರು. ಬಾಯಿ ಬಿಚ್ಚಿದ ಒಂದೇ ಒಂದು ಮೂಟೆ. ಅದರ ಪಕ್ಕ ಸ್ಟೂಲಿನ ಮೇಲೆ, ಇಸ್ತ್ರಿ ಮಾಡಿದ ಶೇರ್ವಾನಿ ಹಾಕಿಕೊಂಡ ಒಣಕಲು ಮುದುಕರೊಬ್ಬರು ಯಾರ ಮುಖವನ್ನೂ ನೋಡದೆ ಕೂತಿದ್ದರು. ಕೊಬ್ಬರಿ ಮಾರಲು ಶೇರ್ವಾನಿ ಹಾಕಿಕೊಂಡು ಬಂದವರನ್ನು ಮಾರುಕಟ್ಟೆ ಅದುವರೆಗೆ ಕಂಡಿರಲಿಲ್ಲ. ಶಿವಲಿಂಗಯ್ಯ ಒಂದು ಉಂಡೆಯನ್ನು ಚಾಕುವಿನಿಂದ ಸೀಳಿ ಎತ್ತಿ ಹಿಡಿದಿದ್ದರು. ಒಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ ಸಾಬ್ರೇ ಇದು? ಇಷ್ಟು ವರ್ಸ ನಿಮ್ಮ ಮೂಟೆ ಬಿಚ್ಚಿ ನೋಡ್ದೆ ತಗಂಡವ್ನು ನಾನು. ಇನ್ನೂ ನೀರೇ ಆರಿಲ್ವಲ್ರೀ! ಚಿಪ್ಪೂ ಬಿಟ್ಟಿಲ್ಲ, ಕೆತ್ತಿ ಕೆತ್ತಿ ತೆಗೆದವ್ರೆ ನೋಡ್ರಪ್ಪ."

ಸುತ್ತ ನಿಂತವರು ನಕ್ಕರು. ಯಾರೋ ಒಬ್ಬ, "ವಯಸ್ಸಾಯ್ತು ಬುಡ್ರಿ, ಕಿವಿ ಕೇಳ್ಸಲ್ಲ," ಎಂದ. ಈ ಮಾರುಕಟ್ಟೆಯಲ್ಲಿ ಹಸಿ ಕೊಬ್ಬರಿ ತರುವುದಕ್ಕಿಂತ ಕಳ್ಳತನ ಮಾಡಿ ಸಿಕ್ಕಿಬೀಳುವುದು ಮೇಲು.

"ಆಗೈತೆ ಅನ್ಕಂಡಿದ್ದೆ," ಎಂದರು ಉಮರ್ ಫಾರೂಖ್ ಸಾಹೇಬರು.

ಖುದ್ದೂಸ್ ಸಾಹೇಬರು ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದು ಅಣ್ಣನ ಮುಂದೆ ನಿಂತರು. ಅಣ್ಣ ತಲೆಯೆತ್ತಿದರು. ತಮ್ಮನ ಮುಖದಲ್ಲಿ ಹದಿನೇಳರ ಹುಡುಗನನ್ನು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

"ಕೊಬ್ಬರಿ ಹಾಕಕ್ಕೆ ಬಂದಿದ್ದೆ," ಎಂದರು, ಯಾರೂ ಯಾಕೆಂದು ಕೇಳದಿದ್ದರೂ.

ಖುದ್ದೂಸ್ ಸಾಹೇಬರು ಬಗ್ಗಿ ಮೂಟೆಯಿಂದ ಒಂದು ಉಂಡೆ ತೆಗೆದು, ಈ ಸೀಮೆಯವರು ಮಾಡುವಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿದ್ದು ಪಕ್ಕದವರಿಗೂ ಕೇಳಿಸಿತು.

"ಚೆನ್ನಾಗಿ ಆಗೈತೆ ಭಾಯ್."

ಗುಂಪಿನಲ್ಲಿ ಯಾರೂ ನಗಲಿಲ್ಲ. ಶಿವಲಿಂಗಯ್ಯ ಚಾಕು ಕೆಳಗಿಟ್ಟು, ಒಳಗಿನಿಂದ ಇನ್ನೊಂದು ಸ್ಟೂಲು ತರಿಸಿದರು.

ತಮ್ಮ ಕೂತರು. ಅಣ್ಣ ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ಅಲ್ಲೇ ಬಿಟ್ಟರು. ಇನ್ನೊಂದು ಕೈಯಿಂದ ಸೀಳಿದ ಕೊಬ್ಬರಿಯ ಒಂದು ಚೂರು ಮುರಿದು ಕೊಟ್ಟರು.

"ತಗಾ, ತಿನ್ನಲಾ. ಇದನ್ನಿನ್ಯಾರು ತಗಂತಾರೆ."

ಇಬ್ಬರೂ ತಿಂದರು. ಮೆತ್ತಗಿತ್ತು. ಪೂರ್ತಿ ಒಣಗಿದ್ದರೆ ಇಬ್ಬರ ಹಲ್ಲಿಗೂ ಆಗುತ್ತಿರಲಿಲ್ಲ.