ಹಾಜರಿ ಕೊಟ್ಟ ಓಣಿ

ದೀಪ ಹಚ್ಚುವ ಹೊತ್ತಿಗೆ ಅವರು ಬರುತ್ತಿದ್ದರು. ಮುಂದೆ ಮುದುಕರು, ಹಿಂದೆ ಕೂಸುಗಳನ್ನೆತ್ತಿಕೊಂಡ ಹೆಂಗಸರು, ಕೊನೆಗೆ ಗಂಡಸರು. ಪೊಲೀಸ್ ಠಾಣೆಯ ಅಂಗಳದಲ್ಲಿ, ಬೇವಿನ ಮರದಡಿ ಸಾಲು ಹಿಡಿದು ಕೂರುತ್ತಿದ್ದರು. ನಾನಾಗ ಆ ಠಾಣೆಯಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಕಿಟಕಿಯಿಂದ ಆ ಸಾಲು ಪೂರ್ತಿಯಾಗಿ ಕಾಣುತ್ತಿತ್ತು.

ಅವರು ಸನಾದಿ ಓಣಿಯವರು. ಅವರು ಊದುವ ಸನಾದಿ ವಾದ್ಯವಿಲ್ಲದೆ ಊರಿನ ಮದುವೆಗಳಲ್ಲಿ ಅಕ್ಷತೆ ಬೀಳುತ್ತಿರಲಿಲ್ಲ. ಹಾಗೆಯೇ, ಊರಿನಲ್ಲಿ ಏನು ಕಳುವಾದರೂ ಜೀಪು ಮೊದಲು ಹೋಗಿ ನಿಲ್ಲುತ್ತಿದ್ದುದು ಅವರ ಓಣಿಯಲ್ಲೇ. ಅಲ್ಲಿಂದ ಪೊಲೀಸ್ ಕೆಲಸಕ್ಕೆ ಸೇರಿದ ಮೊದಲಿಗ ಹುಲಿಗೆಪ್ಪ. ಮಾತು ಕಡಿಮೆ. ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದ. ಜೀಪು ತನ್ನ ಓಣಿಗೆ ಹೊರಟ ದಿನಗಳಲ್ಲಿ ಏನಾದರೊಂದು ನೆಪ ಹೇಳಿ ಠಾಣೆಯಲ್ಲೇ ಉಳಿಯುತ್ತಿದ್ದ.

ಆ ವರ್ಷ ಊರವರು ಪೊಲೀಸರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಪುರಸಭೆಯ ಅಧ್ಯಕ್ಷ ಬಸವಂತರಾಯರು ಮುಖ್ಯ ಅತಿಥಿ. ಊರಿಗೆ ನಲ್ಲಿ ನೀರು ತಂದ ಪುಣ್ಯಾತ್ಮ ಎಂದು ಜನ ಅವರನ್ನು ಕೊಂಡಾಡುತ್ತಿದ್ದರು. ಅವರನ್ನು ವೇದಿಕೆಗೆ ಕರೆತಂದದ್ದೂ ಸನಾದಿ ಓಣಿಯವರ ವಾದ್ಯವೇ. ಊದಿ ಮುಗಿಸಿದವರು ಪಕ್ಕದ ಜಮಖಾನೆಯ ಮೇಲೆ ಕುಳಿತಿದ್ದರು. ಹುಲಿಗೆಪ್ಪ ವೇದಿಕೆಯ ಕೆಳಗೆ ಕಾವಲಿಗೆ ನಿಂತಿದ್ದ.

“ಪೊಲೀಸರು ಒಂದ ಓಣಿಗೆ ಹೋಗ್ತಾರಂತ ಕೆಲವರು ತಕರಾರು ಮಾಡ್ತಾರ,” ಎಂದರು ರಾಯರು. “ಹಾವು ಇರೋ ಹುತ್ತಾನ ಅಲ್ಲೇನ್ರಿ ಅಗಿಯೋದು? ಕಳವು ಅವರ ರಕ್ತದಾಗ ಐತಿ.”

ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಹುಲಿಗೆಪ್ಪ ನಿಂತಲ್ಲಿಂದ ಅಲುಗಲಿಲ್ಲ. ಜಮಖಾನೆಯವರು ಮಾತ್ರ ಸನಾದಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದರು.

ಮರುದಿನ ಊರೆಲ್ಲ ಅದೇ ಮಾತು. ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ‘ಇದ್ದದ್ದು ಇದ್ದಂಗ ಹೇಳಿದರು’ ಎಂದವರೇ ಹೆಚ್ಚು. ಕಾಲೇಜಿನ ಇಬ್ಬರು ಮೇಷ್ಟ್ರುಗಳು ರಾಯರು ಕ್ಷಮೆ ಕೇಳಬೇಕೆಂದರು. ಆ ಮೇಷ್ಟ್ರುಗಳ ಮನೆಗಳ ಗೋಡೆಗೆ ಯಾರೋ ಸಗಣಿ ಎರಚಿದರು. ತಾವು ಹೇಳಿದ್ದು ಕಳ್ಳರಿಗೆ, ಒಳ್ಳೆಯವರಿಗಲ್ಲ ಎಂದು ರಾಯರು ಹೇಳಿಕೆ ಕೊಟ್ಟರು.

ಅಂದು ಸಂಜೆಯೇ ಓಣಿ ಠಾಣೆಗೆ ಬಂತು. ಎಲ್ಲರಿಗಿಂತ ಮುಂದಿದ್ದವಳು ಹುಲಿಗೆಪ್ಪನ ತಾಯಿ ಯಲ್ಲವ್ವ. ಅವಳ ಅಜ್ಜಿಯ ಕಾಲದಲ್ಲಿ, ಆ ಓಣಿಯಲ್ಲಿ ಹುಟ್ಟಿದ ತಪ್ಪಿಗೆ ಪ್ರತಿಯೊಬ್ಬರೂ ದಿನಾ ಸಂಜೆ ಠಾಣೆಗೆ ಬಂದು ಹಾಜರಿ ಕೊಡಬೇಕಿತ್ತಂತೆ.

“ಸಾಹೇಬ್ರ, ಹಾಜರಿ ತಗೋರಿ,” ಎಂದಳು ಇನ್ಸ್‌ಪೆಕ್ಟರಿಗೆ. “ನಾಳಿಂದ ಜೀಪು ಕಳಿಸೋ ತ್ರಾಸ ಬ್ಯಾಡ ನಿಮಗ.”

ಇನ್ಸ್‌ಪೆಕ್ಟರು ಗದರಿದರು, ಆಮೇಲೆ ಪುಸಲಾಯಿಸಿದರು. ಅವರು ಏಳಲಿಲ್ಲ. ದಿನಾ ದೀಪದ ಹೊತ್ತಿಗೆ ಬರುವುದು, ಎರಡು ತಾಸು ಕುಳಿತು ಹೋಗುವುದು ರೂಢಿಯಾಯಿತು. ಜನ ಕಂಪೌಂಡಿನ ಆಚೆ ನಿಂತು ನೋಡುತ್ತಿದ್ದರು. ಮೊದಮೊದಲು ನಗುತ್ತಿದ್ದವರು ಕ್ರಮೇಣ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ಹುಲಿಗೆಪ್ಪ ಲಾಠಿ ಹಿಡಿದು ಸಾಲಿನ ಮುಂದೆ ಪಹರೆ ನಿಲ್ಲುತ್ತಿದ್ದ. ತಾಯಿ, ಮಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಒಂದು ಸಂಜೆ ಅವರು ಕುಳಿತಿದ್ದಾಗಲೇ ಅಕ್ಕಸಾಲಿ ಮಾನಪ್ಪ ಓಡಿ ಬಂದ. ಒಂದೇ ಗಳಿಗೆ ಹಿಂದೆ, ಅವನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಅಂಗಡಿಯ ಬಂಗಾರ ಎತ್ತಿಕೊಂಡು ಓಡಿದ್ದರು. ಈ ಸಲವಾದರೂ ಇವರ ಮೇಲೆ ಸಂಶಯ ಬರದು ಎಂದುಕೊಂಡೆ. ಇಡೀ ಓಣಿ ನಮ್ಮ ಕಣ್ಣೆದುರೇ ಇತ್ತಲ್ಲ.

ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ಹೊರಬಂದು ಚಾಲಕನಿಗೆ ಹೇಳಿದರು: “ಸನಾದಿ ಓಣಿಗೆ ನಡಿ.”

ಒಂದು ಕಾಲು ಜೀಪಿನಲ್ಲಿಟ್ಟಿದ್ದ ಹುಲಿಗೆಪ್ಪ ಹಾಗೆಯೇ ನಿಂತ. “ಸಾಹೇಬ್ರ, ಅವರೆಲ್ಲ ಇಲ್ಲೇ ಕುಂತಾರ.”

“ಕಾಣಸ್ತೈತಿ. ಮ್ಯಾಲಿನವರು ಮೊದಲ ಕೇಳೋದು ‘ಆ ಓಣಿ ನೋಡಿದ್ರೇನು?’ ಅಂತ. ಹತ್ತು.”

ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಇವತ್ತಿಗೂ ನನ್ನನ್ನು ಕಾಡುವುದು ಅದೇ.

ಹುಲಿಗೆಪ್ಪ ಕಾಲು ಕೆಳಗಿಟ್ಟ. ಲಾಠಿಯನ್ನು ಜೀಪಿನ ಸೀಟಿನ ಮೇಲೆ ಮಲಗಿಸಿದ. ನಡೆದುಬಂದು ಸಾಲಿನಲ್ಲಿ ತಾಯಿಯ ಪಕ್ಕ ಕುಳಿತು ಹೇಳಿದ: “ನಂದೂ ಹಾಜರಿ ತಗೋರಿ.” ಯಲ್ಲವ್ವ ತುಸು ಸರಿದು ಅವನಿಗೆ ಜಾಗ ಕೊಟ್ಟಳು.

ಜೀಪು ಅವನನ್ನು ಬಿಟ್ಟು ಹೋಯಿತು.

ಆ ಬಂಗಾರ ಕದ್ದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹುಲಿಗೆಪ್ಪನನ್ನು ಮೊದಲು ಅಮಾನತು ಮಾಡಿದರು, ಆಮೇಲೆ ದೂರದ ಊರಿಗೆ ಹಾಕಿದರು. ಬಸವಂತರಾಯರು ಒಮ್ಮೆ ಅಂಗಳಕ್ಕೆ ಬಂದು, ನಾನು ನಿಮಗೆ ಅಂದದ್ದಲ್ಲ ಎಂದರು. “ಹಂಗಾರ ನಮ್ಮ ಮುಂದ ಯಾಕ ಬಂದೀರಿ?” ಎಂದು ಯಲ್ಲವ್ವ ಕೇಳಿದಳು. ಮುಂದಿನ ಚುನಾವಣೆಯಲ್ಲೂ ರಾಯರೇ ಗೆದ್ದರು.

ಆದರೆ ನನಗೆ ನೆನಪಾಗುವುದು ಕಳವಿನ ಆ ಸಂಜೆ. ಅವರೆಲ್ಲ ಎದ್ದು ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಜೀಪಿನವರು ಹುಡುಕಿ ಹೋಗಿದ್ದ ಓಣಿಯಲ್ಲಿ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಯಲ್ಲವ್ವನ ಮನೆಯಲ್ಲಿ ಜೋಳದ ಗಡಿಗೆ ಒಡೆದು, ಕಾಳು ಮಣ್ಣಿನಲ್ಲಿ ಚೆಲ್ಲಿತ್ತು. ಹುಲಿಗೆಪ್ಪ ಖಾಕಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಮೊರ ಎಳೆದುಕೊಂಡು ಕಾಳು ಆರಿಸತೊಡಗಿದ.

“ಬಿಡೋ, ಕೋಳಿ ತಿಂತಾವ,” ಎಂದಳು ತಾಯಿ.

ಅವನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಚಿಮಣಿ ದೀಪ ಹಚ್ಚಿ ತಂದು ಮೊರದ ಪಕ್ಕ ಇಟ್ಟಳು. ತಾನೂ ಕುಳಿತಳು.